ಗ್ಯಾಸ್ಟ್ರಿಕ್ ಬ್ಯಾಂಡ್ ಜೊತೆ ಹನ್ನೆರಡು ವರ್ಷ: ಬಿಸಿ ರೊಟ್ಟಿ ಹೋಯಿತು, ಕಡಕ್ ರೊಟ್ಟಿ ಉಳಿಯಿತು

ತೂಕ ಇಳಿಸಲು ಜಠರಕ್ಕೆ ಬ್ಯಾಂಡ್ ಹಾಕಿಸಿಕೊಂಡ ಆಪರೇಷನ್ ಆಗಿ ಆರು ವಾರ ಆಗಿತ್ತು. ಅಲ್ಲಿವರೆಗೆ ಬರೀ ನೀರು, ಸಾರು, ಮಜ್ಜಿಗೆ, ಆಮೇಲೆ ನುಣ್ಣಗೆ ರುಬ್ಬಿದ ಬೇಳೆ. ಇನ್ನು ಗಟ್ಟಿ ಊಟ ಮಾಡಬಹುದು ಅಂತ ಡಾಕ್ಟರ್ ಹೇಳಿದ್ದೇ ತಡ, ನಮ್ಮ ಅತ್ತೆ ಒಲೆ ಮುಂದೆ ಕೂತು ಬಿಸಿ ಜೋಳದ ರೊಟ್ಟಿ ಬಡಿದರು. ಮೇಲೆ ಬೆಣ್ಣೆ, ಪಕ್ಕಕ್ಕೆ ಬದನೆಕಾಯಿ ಎಣಗಾಯಿ. ಮೊದಲ ತುತ್ತು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಎದೆಯ ನಡುವೆ ನಿಂತುಬಿಟ್ಟಿತು. ಮೇಲೂ ಬರದು, ಕೆಳಗೂ ಇಳಿಯದು. ಬಾಯಿ ತುಂಬ ಜೊಲ್ಲು ನೊರೆ ನೊರೆಯಾಗಿ ಬಂತು, ಕಣ್ಣಲ್ಲಿ ನೀರು. ನೀರು ಕುಡಿದರೆ ಇಳಿದೀತು ಅಂತ ಒಂದು ಗುಟುಕು ಕುಡಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಅರ್ಧ ಗಂಟೆ ಬಚ್ಚಲಲ್ಲಿ ಗೋಡೆ ಹಿಡಿದು ನಿಂತಿದ್ದೆ. ಹೊರಗೆ ಬಂದಾಗ ಅತ್ತೆ ಅಳುತ್ತಿದ್ದರು. "ನನ್ನ ಕೈ ರೊಟ್ಟಿ ಉಂಡು ಹಿಂಗಾತಲ್ಲವ್ವಾ" ಅಂದರು.

ಇದು 2013ರ ಮಾತು. ಈಗ 2025. ಇಷ್ಟು ವರ್ಷ ಬಿಟ್ಟು ಬರೆಯೋದಕ್ಕೆ ಕಾರಣ ಇದೆ. ಹುಡುಕಿದರೆ ಸಿಗೋದೆಲ್ಲ ಆರು ತಿಂಗಳ, ಒಂದು ವರ್ಷದ ಅನುಭವ. ಮೊದಲ ವರ್ಷ ತೂಕ ಇಳಿಯುತ್ತಿರುತ್ತದೆ, ಎಲ್ಲರೂ ಖುಷಿಯಲ್ಲಿರುತ್ತಾರೆ. ಐದನೇ ವರ್ಷ, ಹತ್ತನೇ ವರ್ಷ ಏನಾಗುತ್ತದೆ ಅಂತ ಕನ್ನಡದಲ್ಲಿ ಹೇಳುವವರು ನನಗೆ ಸಿಗಲಿಲ್ಲ.

ನಾನು ವಿಜಯಪುರದಲ್ಲಿ ಪ್ರಾಥಮಿಕ ಶಾಲೆ ಟೀಚರ್. ಆಗ ನನಗೆ 36 ವರ್ಷ, ತೂಕ 112 ಕೆಜಿ, ಎತ್ತರ ಐದಡಿ ಎರಡಿಂಚು. ಎತ್ತರಕ್ಕೆ ತೂಕ ಎಷ್ಟು ಅಂತ ಅಳೆಯುವ ಬಿಎಂಐ 45 ದಾಟಿತ್ತು. ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷ ಆಗಿತ್ತು, ಬಿಪಿ ಗುಳಿಗೆ ಬೇರೆ. ಬೋರ್ಡ್ ಮುಂದೆ ಎರಡು ಪಿರಿಯಡ್ ನಿಂತರೆ ಮೊಣಕಾಲು ಉರಿಯುತ್ತಿತ್ತು. ಡಯಟ್, ಕಷಾಯ, ಬೆಳಗಿನ ಬಿಸಿನೀರು-ಲಿಂಬು ಎಲ್ಲ ಮಾಡಿ ಬಿಟ್ಟಿದ್ದೆ.

ಬ್ಯಾಂಡ್ ಅಂದರೆ ಏನು ಅಂತ ಎರಡೇ ಮಾತು ಹೇಳುತ್ತೇನೆ. ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಉಂಗುರ ಹಾಕುತ್ತಾರೆ, ಸ್ವಲ್ಪ ತಿಂದರೇ ಹೊಟ್ಟೆ ತುಂಬಿದ ಹಾಗಾಗುತ್ತದೆ. ಹೊಟ್ಟೆಯ ಚರ್ಮದ ಕೆಳಗೆ ಬಟನ್‌ನಂಥ ಒಂದು ಗುಂಡಿ ಇರುತ್ತದೆ, ಅದಕ್ಕೆ ಪೋರ್ಟ್ ಅಂತಾರೆ. ಅದರೊಳಗೆ ಸಲೈನ್ ತುಂಬಿದರೆ ಉಂಗುರ ಬಿಗಿಯಾಗುತ್ತದೆ, ತೆಗೆದರೆ ಸಡಿಲಾಗುತ್ತದೆ. ಜಠರವನ್ನೇ ಕತ್ತರಿಸಿ ಸಣ್ಣದು ಮಾಡುವ ಸ್ಲೀವ್, ಊಟದ ದಾರಿಯನ್ನೇ ಕರುಳಿಗೆ ತಿರುಗಿಸುವ ಬೈಪಾಸ್, ಇವುಗಳ ಬಗ್ಗೆಯೂ ಡಾಕ್ಟರ್ ಹೇಳಿದ್ದರು. ಆದರೆ "ಬ್ಯಾಂಡಿನಲ್ಲಿ ಏನನ್ನೂ ಕತ್ತರಿಸೋದಿಲ್ಲ, ಬೇಡ ಅನಿಸಿದರೆ ತೆಗೆಯಬಹುದು" ಅನ್ನೋ ಮಾತು ನಮ್ಮ ಮನೆಯವರ ಮನಸ್ಸಿಗೆ ಹಿಡಿಸಿತು. ನನಗೂ ಅದೇ ಧೈರ್ಯ ಕೊಟ್ಟಿತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಾಡಿಸಿದೆವು. ಎಲ್ಲ ಸೇರಿ ಮೂರೂವರೆ ಲಕ್ಷ. ಸೊಸೈಟಿ ಸಾಲ ಸ್ವಲ್ಪ, ನನ್ನ ಪಾಟ್ಲಿ ಅಡ ಇಟ್ಟು ಸ್ವಲ್ಪ. ನಮ್ಮ ವಿಮೆಯಲ್ಲಿ ಒಂದು ರೂಪಾಯಿ ಬರಲಿಲ್ಲ. ಈಗಿನ ಪಾಲಿಸಿಗಳಲ್ಲಿ ಬಿಎಂಐ 40 ದಾಟಿದ್ದರೆ, ಅಥವಾ 35 ದಾಟಿ ಜೊತೆಗೆ ದೊಡ್ಡ ಕಾಯಿಲೆ ಇದ್ದರೆ ಈ ಆಪರೇಷನ್‌ಗೆ ಹಣ ಸಿಗುವ ನಿಯಮ ಇದೆ. ಕಾಯುವ ಅವಧಿ ಎಷ್ಟು ಅಂತ ಮೊದಲೇ ಓದಿಕೊಳ್ಳಿ.

ತೂಕದ ಲೆಕ್ಕ: ಎರಡು ವರ್ಷಕ್ಕೆ 81ಕ್ಕೆ ಇಳಿದೆ. ಅದಕ್ಕಿಂತ ಕೆಳಗೆ ಯಾವತ್ತೂ ಹೋಗಲಿಲ್ಲ. ಇವತ್ತು 89. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.6 ಇದ್ದದ್ದು 6.3ಕ್ಕೆ ಬಂದಿತ್ತು, ಈಗ ಒಂದು ಗುಳಿಗೆ ಜೊತೆ 6.8. ಬಿಪಿ ಗುಳಿಗೆ ನಿಂತಿದೆ. ನಾಲ್ಕನೇ ತಿಂಗಳಿಂದ ಕೂದಲು ಬಾಚಣಿಗೆ ತುಂಬ ಬರುತ್ತಿತ್ತು, ವರ್ಷದೊಳಗೆ ಸರಿಹೋಯಿತು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಇವತ್ತಿಗೂ ತಗೊಳ್ಳುತ್ತೇನೆ.

ಈ ಅಂಕಿಗಳಿಗಿಂತ ನನಗೆ ನೆನಪಿರೋದು ಗೋಲಗುಂಬಜ್ ಮೆಟ್ಟಿಲು. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಮೂಲೆಯ ಗೋಪುರದೊಳಗೆ ಏಳು ಅಂತಸ್ತು ಹತ್ತಬೇಕು, ಇಕ್ಕಟ್ಟಾದ ಮೆಟ್ಟಿಲು, ಎದುರಿಂದ ಇಳಿಯುವವರಿಗೆ ಗೋಡೆಗೆ ಒತ್ತಿ ದಾರಿ ಬಿಡಬೇಕು. ನಾನು ಯಾವಾಗಲೂ ಕೆಳಗೆ ಹುಲ್ಲಿನ ಮೇಲೆ ಕೂತು ಎಲ್ಲರ ಚೀಲ ಕಾಯುವ ಟೀಚರ್. 2015ರ ಜನವರಿಯಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳ ಹಿಂದೆ ನಾನೂ ಹತ್ತಿದೆ. ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಬ್ಬ ಹುಡುಗ ಆ ಕಡೆಯಿಂದ ಗೋಡೆಗೆ ಬಾಯಿಟ್ಟು "ಟೀಚರ್ ಬಂದಾರ" ಅಂದ. ಈ ಕಡೆ ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿತು. ಮೂರೂವರೆ ಲಕ್ಷ ಅಂದೇ ವಸೂಲಾಯಿತು ಅನಿಸಿತು.

ಇನ್ನು ರೊಟ್ಟಿ ವಿಷಯಕ್ಕೆ ಬರುತ್ತೇನೆ. ದಿನಾ ಇದರ ಜೊತೆಗೇ ಬದುಕೋದು.

ಬಿಸಿ ರೊಟ್ಟಿ, ಚಪಾತಿ, ಬ್ರೆಡ್ ಇವು ಬಾಯಲ್ಲಿ ಎಷ್ಟು ಅಗಿದರೂ ಮುದ್ದೆಯಾಗಿ ಅಂಟಿಕೊಳ್ಳುತ್ತವೆ. ಉಂಗುರದ ಬಾಯಿಗೆ ಬಂದು ಬೆಣೆ ಹೊಡೆದ ಹಾಗೆ ಕೂರುತ್ತವೆ. ಅಂಟಂಟಾದ ಅನ್ನವೂ ಹಾಗೇ. ಮೂರು ತಿಂಗಳು ರೊಟ್ಟಿಯ ಮುಖ ನೋಡಲಿಲ್ಲ. ವಿಜಯಪುರದಲ್ಲಿ ಹುಟ್ಟಿ ಬೆಳೆದವಳು, ರೊಟ್ಟಿ ಇಲ್ಲದ ಊಟ ಊಟ ಅನಿಸೋದೇ ಇಲ್ಲ ಅಲ್ವಾ? ಒಂದು ದಿನ ಮಗಳು ಕಡಕ್ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಒಂದು ಚೂರು ಇಸಿದುಕೊಂಡು ಬಾಯಿಗೆ ಹಾಕಿ ಅಗಿಯುತ್ತಾ ಕೂತೆ. ಪುಡಿ ಪುಡಿಯಾಗಿ, ಮರಳಿನ ಹಾಗೆ ಇಳಿದುಹೋಯಿತು! ಮುಂದಿನ ಸಲ ಆಸ್ಪತ್ರೆಯಲ್ಲಿ ಡಯಟಿಷಿಯನ್‌ಗೆ ಹೇಳಿದೆ. ಬ್ರೆಡ್ ಸಿಕ್ಕಿಕೊಳ್ಳುವವರಿಗೆ ಗರಿಗರಿ ಟೋಸ್ಟ್ ಇಳಿಯುತ್ತದೆ, ಇದೂ ಅದೇ ಲೆಕ್ಕ ಅಂದರು.

ಅವತ್ತಿಂದ ಅತ್ತೆ ನನಗೆ ಅಂತಲೇ ಬೇರೆ ರೊಟ್ಟಿ ಮಾಡುತ್ತಾರೆ. ಅಂಗೈ ಅಗಲ, ಎಷ್ಟು ತೆಳ್ಳಗೆ ಅಂದರೆ ಬೆಳಕಿಗೆ ಹಿಡಿದರೆ ಆ ಕಡೆ ಕಾಣಬೇಕು. ಹಂಚಿನ ಮೇಲೆ ಬೇಯಿಸಿ, ಒಲೆಯ ಪಕ್ಕಕ್ಕೆ ಆನಿಸಿ ನಿಲ್ಲಿಸಿ, ಗರಿ ಆದ ಮೇಲೆ ಬಿಳಿ ಅರಿವೆಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ನನ್ನ ಊಟ. ಚಹಾದ ಬಸಿ ನನ್ನ ತಾಟು. ಒಂದು ಪುಟ್ಟ ರೊಟ್ಟಿ, ಎರಡು ಚಮಚ ಹೆಸರುಕಾಳು ಪಲ್ಯ, ಶೇಂಗಾ ಹಿಂಡಿಗೆ ಕಲಸಿದ ಗಟ್ಟಿ ಮೊಸರು. ಮೊದಲು ಕಾಳು, ಆಮೇಲೆ ರೊಟ್ಟಿ. ಚೂರು ಉಗುರಿನಷ್ಟು. ಒಂದೊಂದನ್ನೂ ಇಪ್ಪತ್ತೈದು ಸಲ ಅಗಿಯಬೇಕು, ನುಂಗಿ ಒಂದು ನಿಮಿಷ ಸುಮ್ನೆ ಕೂರಬೇಕು. ಕಡಕ್ ಅಂತ ಮುರಿಯುವ ಸದ್ದು, ಜೋಳದ ಸುಟ್ಟ ವಾಸನೆ, ಅಗಿಯುತ್ತಾ ಹೋದ ಹಾಗೆ ಕೊನೆಗೆ ಬರುವ ಸಣ್ಣ ಸಿಹಿ. ಮೊದಲು ದಿನಕ್ಕೆ ಐದು ರೊಟ್ಟಿ ತಿನ್ನುತ್ತಿದ್ದಾಗ ಈ ಸಿಹಿ ನನಗೆ ಗೊತ್ತೇ ಇರಲಿಲ್ಲ. ಎಳ್ಳ ಅಮಾವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿದಾಗಂತೂ ಒಂದು ರೊಟ್ಟಿಗೆ ನಲವತ್ತು ನಿಮಿಷ ತಗೊಳ್ಳುತ್ತೇನೆ.

ಊಟದ ಜೊತೆ ನೀರು ಕುಡಿಯೋದಿಲ್ಲ. ಊಟ ಆಗಿ ಒಂದು ಗಂಟೆ ಬಿಟ್ಟೇ ಕುಡಿಯೋದು. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಇದು ಕಷ್ಟ, ಅಭ್ಯಾಸ ಆಗಲು ಎರಡು ಬೇಸಿಗೆ ಬೇಕಾಯಿತು. ಸೋಡಾ ಪೂರ್ತಿ ಬಿಟ್ಟಿದ್ದೇನೆ. ಮತ್ತೆ ದ್ರಾಕ್ಷಿ! ಸುತ್ತಮುತ್ತ ಎಲ್ಲ ದ್ರಾಕ್ಷಿ ತೋಟ, ಸೀಸನ್‌ನಲ್ಲಿ ಪಾಲಕರು ಬುಟ್ಟಿಗಟ್ಟಲೆ ತಂದು ಕೊಡುತ್ತಾರೆ. ಸಿಪ್ಪೆ ಸಿಕ್ಕಿಕೊಳ್ಳುತ್ತದೆ. ಒಂದೊಂದನ್ನೂ ಸುಲಿದು ತಿನ್ನಬೇಕು, ಏಳೆಂಟಕ್ಕೆ ಸಾಕಾಗುತ್ತದೆ.

ಮದುವೆ ಮನೆಯಲ್ಲಿ ಮೊದಮೊದಲು ಬಹಳ ಸಂಕಟ. "ಯಾಕವ್ವಾ, ನಮ್ಮ ಊಟ ಸೇರಲಿಲ್ಲೇನು?" ಅಂತ ಹಿರಿಯರು ಕೇಳುತ್ತಾರೆ. ಆಪರೇಷನ್ ಅಂತ ಹೇಳಿದರೆ ಕ್ಯಾನ್ಸರ್ ಏನೋ ಅಂತ ಗಾಬರಿ. ಈಗ "ವೈನಿ, ನಂದು ಸಣ್ಣ ಹೊಟ್ಟಿ, ಒಂದ ಚಮಚ ಹಾಕ್ರಿ" ಅಂತ ನೇರವಾಗಿ ಹೇಳಿಬಿಡುತ್ತೇನೆ.

ಈ ಬ್ಯಾಂಡಿನ ಒಂದು ದೊಡ್ಡ ದೋಷ ಹೇಳಲೇಬೇಕು. ಇದು ಗಟ್ಟಿ ಪದಾರ್ಥ ಮಾತ್ರ ತಡೆಯುತ್ತದೆ. ಶ್ರೀಖಂಡ, ಬಾಸುಂದಿ, ಮಾವಿನ ಶೀಕರಣೆ, ಸಕ್ಕರೆ ಹಾಕಿದ ಚಹಾ, ಐಸ್‌ಕ್ರೀಮ್, ಎಲ್ಲ ಸಲೀಸಾಗಿ ಜಾರಿ ಹೋಗುತ್ತವೆ. ರೊಟ್ಟಿ-ಪಲ್ಯಕ್ಕೆ ಹೊಟ್ಟೆ ತುಂಬುತ್ತದೆ, ಶೀಕರಣೆಗೆ ತುಂಬೋದೇ ಇಲ್ಲ. ಗಟ್ಟಿ ಊಟ ಸಿಕ್ಕಿಕೊಂಡು ನೋವಾದ ದಿನ ಮನಸ್ಸು ತಾನಾಗಿ ಜಾರುವ ಸಿಹಿ ಕಡೆ ಹೋಗುತ್ತದೆ. 81ರಿಂದ 89ಕ್ಕೆ ಏರಿದ್ದು ಹೀಗೆ. ಬ್ಯಾಂಡ್ ಜಾಸ್ತಿ ಬಿಗಿ ಮಾಡಿಸಿದರೆ ತೂಕ ಜಾಸ್ತಿ ಇಳಿಯುತ್ತದೆ ಅಂತ ನಾನೂ ನಂಬಿದ್ದೆ. ಆದರೆ ಜಾಸ್ತಿ ಬಿಗಿಯಾದರೆ ರೊಟ್ಟಿ ಬಿಟ್ಟು ಸಿಹಿ ತಿನ್ನೋದೇ ಜಾಸ್ತಿಯಾಗುತ್ತದೆ.

ಎರಡನೆಯ ದೋಷ, ನನ್ನ ಪಾಲಿಗೆ ಇದೇ ದೊಡ್ಡದು: ಡಾಕ್ಟರ್ 500 ಕಿಲೋಮೀಟರ್ ದೂರ. ಬ್ಯಾಂಡ್ ಹಾಕಿಸಿ ಮುಗಿಯಿತು ಅಂತ ಇಲ್ಲ, ಹೊಂದಿಸುತ್ತಲೇ ಇರಬೇಕು. ಮೊದಲ ವರ್ಷ ಆರು ಸಲ ಹೋದೆ. ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರು. ಅಲ್ಲಿ ಕೆಲಸ ಹತ್ತು ನಿಮಿಷದ್ದು. ಮಲಗಿಸಿ, ಬೆರಳಲ್ಲಿ ಪೋರ್ಟ್ ಹುಡುಕಿ, ಸೂಜಿ ಚುಚ್ಚಿ ಅರ್ಧ ಎಂಎಲ್ ಅಥವಾ ಒಂದು ಎಂಎಲ್ ಸಲೈನ್ ತುಂಬುತ್ತಾರೆ. ಎದ್ದು ನಿಂತು ಒಂದು ಲೋಟ ನೀರು ಕುಡಿದು ತೋರಿಸಬೇಕು, ಸರಾಗ ಇಳಿದರೆ ಮನೆಗೆ. ರೈಲು, ಆಟೋ, ಫೀಸು, ಎರಡು ದಿನ ರಜೆ.

2020ರ ಮಾರ್ಚ್ ಮೊದಲ ವಾರ ಹೋಗಿ ಟೈಟ್ ಮಾಡಿಸಿಕೊಂಡು ಬಂದೆ. ತೂಕ ಏರುತ್ತಿದೆ ಅಂತ ನಾನೇ ಕೇಳಿಕೊಂಡಿದ್ದೆ. ಮೂರು ವಾರದಲ್ಲಿ ಲಾಕ್‌ಡೌನ್. ಅಷ್ಟರಲ್ಲಿ ಬ್ಯಾಂಡ್ ವಿಪರೀತ ಬಿಗಿಯಾಗಿದೆ ಅಂತ ಗೊತ್ತಾಯಿತು. ಗಂಜಿ, ಸಾರು, ಮಜ್ಜಿಗೆ ಬಿಟ್ಟು ಏನೂ ಇಳಿಯಲಿಲ್ಲ. ಮಲಗಿದರೆ ಹುಳಿ ನೀರು ಗಂಟಲಿಗೆ ಬರುತ್ತಿತ್ತು. ಕೆಮ್ಮಿ ಕೆಮ್ಮಿ ಎದ್ದು ಕೂರುತ್ತಿದ್ದೆ. ಮೂರು ದಿಂಬು ಇಟ್ಟು ಕೂತೇ ನಿದ್ದೆ. ಊರಲ್ಲಿ ಎರಡು ಆಸ್ಪತ್ರೆಗೆ ಹೋದೆ. ಪೋರ್ಟ್‌ಗೆ ಹ್ಯೂಬರ್ ಅನ್ನೋ ಬೇರೆ ಥರದ ಸೂಜಿ ಬೇಕು. ಮಾಮೂಲಿ ಸೂಜಿ ಚುಚ್ಚಿದರೆ ಪೋರ್ಟಿನ ಪೊರೆ ಕಿತ್ತು ಸೋರುತ್ತದೆ. ಆ ಸೂಜಿ ಅವರ ಹತ್ತಿರ ಇರಲಿಲ್ಲ, ಬ್ಯಾಂಡ್ ಹಾಕಿಸಿಕೊಂಡವರನ್ನು ನೋಡಿದ್ದೂ ಇರಲಿಲ್ಲ. ಅವರನ್ನು ದೂರೋದಿಲ್ಲ. ಆದರೆ ಹಾಕಿದ ಆಸ್ಪತ್ರೆ ಏಳು ವರ್ಷದಲ್ಲಿ ಒಮ್ಮೆಯೂ, ತುರ್ತು ಬಂದರೆ ನಿಮ್ಮ ಕಡೆ ಯಾರ ಹತ್ತಿರ ಹೋಗಬೇಕು ಅಂತ ಹೇಳಿರಲಿಲ್ಲ. ಫೋನ್ ಮಾಡಿದರೆ "ಇಲ್ಲಿಗೇ ಬನ್ನಿ" ಅನ್ನೋದೇ ಉತ್ತರ. ರೈಲಿಲ್ಲ, ಬಸ್ಸಿಲ್ಲ, ಎಲ್ಲಿಂದ ಬರಲಿ? ಆ ಸಿಟ್ಟು ಇವತ್ತಿಗೂ ಹೋಗಿಲ್ಲ.

ಮೇ ಕೊನೆಗೆ ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಪೂರ್ತಿ ಸಲೈನ್ ಹೊರಗೆ ತೆಗೆದರು. ಎದ್ದು ನಿಂತು ನೀರು ಕುಡಿದೆ. ಗಟಗಟ ಅಂತ ಇಳಿಯಿತು. ಎರಡನೇ ಲೋಟ ಕೇಳಿ ಕುಡಿದೆ. ನಮ್ಮ ಮನೆಯವರು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು, ಏನೂ ಮಾತಾಡಲಿಲ್ಲ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಬ್ಯಾಂಡ್ ಜಾರಿರಲಿಲ್ಲ, ಅನ್ನನಾಳ ಸ್ವಲ್ಪ ಹಿಗ್ಗಿತ್ತು. ಎರಡು ತಿಂಗಳು ಖಾಲಿ ಬಿಟ್ಟು ನೋಡಿದರು, ನಾಳ ಸರಿಹೋಯಿತು. ಆಮೇಲೆ ಮೊದಲಿನ ಅರ್ಧಕ್ಕಿಂತ ಕಡಿಮೆ ತುಂಬಿಸಿಕೊಂಡೆ. ಅಂದಿನಿಂದ ವರ್ಷಕ್ಕೊಮ್ಮೆ ಹೋಗಿ ತೋರಿಸಿ ಬರುತ್ತೇನೆ, ಟೈಟ್ ಮಾಡಿಸಿಲ್ಲ.

ಆಶ್ಚರ್ಯ ಅಂದರೆ, ಸಡಿಲ ಇಟ್ಟ ಈ ಐದು ವರ್ಷವೇ ನನಗೆ ಚೆನ್ನಾಗಿ ಒಗ್ಗಿದೆ. ತೂಕ ಸ್ವಲ್ಪ ಏರಿ ನಿಂತಿದೆ, ಹುಳಿ ತೇಗು ಇಲ್ಲ. ಅವಸರದಲ್ಲಿ ನುಂಗಿದರೆ ಎದೆಯಲ್ಲಿ ಸಣ್ಣಗೆ ಒತ್ತುತ್ತದೆ, ನಾನು ಚಮಚ ಕೆಳಗಿಡುತ್ತೇನೆ.

ನನ್ನ ತೀರ್ಮಾನ ಕೇಳಿದರೆ: ಇವತ್ತು ಮೊದಲಿಂದ ಆಯ್ಕೆ ಮಾಡಬೇಕಾದರೆ ವಿಜಯಪುರದಲ್ಲಿದ್ದುಕೊಂಡು ಬ್ಯಾಂಡ್ ಹಾಕಿಸಿಕೊಳ್ಳುತ್ತಿರಲಿಲ್ಲ. ಈಗ ಹೆಚ್ಚಿನ ಡಾಕ್ಟರುಗಳು ಸ್ಲೀವ್ ಅಥವಾ ಬೈಪಾಸ್ ಮಾಡುತ್ತಾರೆ, ಬ್ಯಾಂಡ್ ಬಹಳ ಕಡಿಮೆ. ಅಂದರೆ ಹಳೆಯ ಬ್ಯಾಂಡ್ ನೋಡಿಕೊಳ್ಳುವ ಕೈಗಳೂ ಕಡಿಮೆಯಾಗುತ್ತಿವೆ. ಬ್ಯಾಂಡ್ ಜಾರೋದು, ಜಠರದ ಗೋಡೆ ಸವೆದು ಒಳಗೆ ಇಳಿಯೋದು, ಪೋರ್ಟ್ ಸೋರೋದು, ಇವೆಲ್ಲ ಎಷ್ಟೋ ವರ್ಷ ಆದ ಮೇಲೂ ಬರಬಹುದು. ಎಷ್ಟೋ ಜನ ತೆಗೆಸಿ ಬೇರೆ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಹಾಕಿಸುವ ಮುಂಚೆ, ತೆಗೆಯಲು ಎಷ್ಟಾಗುತ್ತದೆ, ಐದು ವರ್ಷದ ಮೇಲೆ ಯಾರು ನೋಡುತ್ತಾರೆ, ನಮ್ಮ ಜಿಲ್ಲೆಯ ಹತ್ತಿರ ಆ ಸೂಜಿ ಯಾರ ಹತ್ತಿರ ಇದೆ ಅಂತ ಕೇಳಿ ಬರೆದುಕೊಳ್ಳಿ. ತೂಕ ಇಳಿಸಲು ವಾರಕ್ಕೊಂದು ಚುಚ್ಚುವ ಹೊಸ ಇಂಜೆಕ್ಷನ್ ಬಗ್ಗೆ ಶಾಲೆಯಲ್ಲಿ ಎಲ್ಲರೂ ಕೇಳುತ್ತಾರೆ. ನಾನು ತಗೊಂಡಿಲ್ಲ, ಅದಕ್ಕೆ ಮಾತಾಡೋದಿಲ್ಲ.

ಹಾಗಂತ ನನ್ನ ಬ್ಯಾಂಡ್ ತೆಗೆಸುತ್ತೇನಾ? ಹೋದ ವರ್ಷ ಡಾಕ್ಟರ್ ಕೇಳಿದಾಗ ಬೇಡ ಅಂದೆ. ತೊಂದರೆ ಕೊಡುವವರೆಗೆ ಇರಲಿ.

ಈ ತಿಂಗಳ ಕೊನೆಗೆ ಮತ್ತೆ ಬೆಂಗಳೂರಿಗೆ ಹೋಗೋದಿದೆ, ವರ್ಷದ ತಪಾಸಣೆ. ಅತ್ತೆಗೆ ಈಗ 78, ಕೈ ನಡುಗುತ್ತದೆ. ಆದರೂ ಬುತ್ತಿಗೆ ಅಂತ ನಿನ್ನೆಯೇ ಹನ್ನೆರಡು ಪುಟ್ಟ ರೊಟ್ಟಿ ಬಡಿದು ಅರಿವೆಯಲ್ಲಿ ಸುತ್ತಿಟ್ಟಿದ್ದಾರೆ. "ಇನ್ನೂ ಹದಿನೈದು ದಿನ ಐತಲ್ರೀ" ಅಂದೆ. "ಇರ್ಲಿ ಬಿಡವ್ವಾ, ಚಂದಂಗ ಗರಿ ಆಗ್ಲಿ" ಅಂದರು.