ಎಸ್2000, ಸಾಲ್‌ಸ್ಟಿಸ್, ಮಿಯಾಟಾ: ಕೆಲಸ ಇರುತ್ತೋ ಹೋಗುತ್ತೋ ಅನ್ನೋ ಟೈಮಲ್ಲಿ ಓಡಿಸಿ ನೋಡಿದ ಮೂರು ಗಾಡಿ

ಮೊದ್ಲೇ ಹೇಳ್ಬಿಡ್ತೀನಿ, ಇದು ಹೊಸ ಗಾಡಿ ರಿವ್ಯೂ ಅಲ್ಲ. 2009ರ ಮೇ-ಜೂನ್‌ನಲ್ಲಿ ಅಮೆರಿಕಾದ ಮಿಷಿಗನ್ ರಾಜ್ಯದಲ್ಲಿ, ಕಾರು ಕಂಪನಿಗಳ ಊರಾದ ಡೆಟ್ರಾಯ್ಟ್ ಪಕ್ಕ ಇದ್ದಾಗ ಒಂದಾದ್ಮೇಲೆ ಒಂದು ಓಡಿಸಿ ನೋಡಿದ ಮೂರು ಕಾರು, ಮೂರೂ ಎರಡೇ ಸೀಟು, ಮೂರಕ್ಕೂ ಟಾಪ್ ಬಿಚ್ಚಬಹುದು. ಹೋಂಡಾ ಎಸ್2000, ಪಾಂಟಿಯಾಕ್ ಸಾಲ್‌ಸ್ಟಿಸ್, ಮತ್ತೆ ಮಾಜ್ದಾ ಎಂಎಕ್ಸ್-5, ಅಲ್ಲಿಯವ್ರು ಅದನ್ನ ಮಿಯಾಟಾ ಅಂತಾನೇ ಕರೆಯೋದು. ಆ ಹೊತ್ತಿಗೆ ಎಸ್2000 ನಿಲ್ಲಿಸ್ತೀವಿ ಅಂತ ಜನವರಿಲೇ ಹೇಳಾಗಿತ್ತು, ಪಾಂಟಿಯಾಕ್ ಅನ್ನೋ ಹೆಸರನ್ನೇ ತೆಗೀತೀವಿ ಅಂತ ಏಪ್ರಿಲ್ 27ಕ್ಕೆ ಅದರ ಮಾಲೀಕ ಕಂಪನಿ ಜಿಎಂ, ಅಂದ್ರೆ ಜನರಲ್ ಮೋಟರ್ಸ್, ಹೇಳಿತ್ತು, ಮಿಯಾಟಾ ಒಂದರ ಬಗ್ಗೆ ಯಾರೂ ಏನೂ ಹೇಳಿರ್ಲಿಲ್ಲ, ಆದ್ರೆ ಹಿಂದಿನ ನವೆಂಬರ್‌ನಲ್ಲಿ ಫೋರ್ಡ್‌ನೋರು ತಮ್ಮ ಕೈಲಿದ್ದ ಮಾಜ್ದಾ ಷೇರಲ್ಲಿ ಅರ್ಧಕ್ಕಿಂತ ಜಾಸ್ತಿ ಮಾರ್ಕೊಂಡು ದುಡ್ಡು ಹೊಂದಿಸ್ಕೊಂಡಿದ್ರಲ್ಲ, ಅದಕ್ಕೇ ಅದೂ ಎಷ್ಟ್ ದಿನವೋ ಅನ್ನೋ ಗುಮಾನಿ ಎಲ್ರಿಗೂ ಇತ್ತು.

ಆ ವರ್ಷ ಮಿಷಿಗನ್‌ನಲ್ಲಿ ಇದ್ದೋರಿಗೆ ವಿವರಿಸಬೇಕಾಗಿಲ್ಲ. 2007ರಲ್ಲಿ ಅಮೆರಿಕಾದಲ್ಲಿ 1 ಕೋಟಿ 60 ಲಕ್ಷ ಹೊಸ ಗಾಡಿ ಮಾರಾಟ ಆಗಿದ್ವು, 2009ರಲ್ಲಿ 1 ಕೋಟಿ 4 ಲಕ್ಷಕ್ಕೆ ಇಳೀತು. ಏಪ್ರಿಲ್ 30ಕ್ಕೆ ಕ್ರೈಸ್ಲರ್ ಪಾಪರ್ ಅರ್ಜಿ ಹಾಕ್ತು, ಜೂನ್ 1ಕ್ಕೆ ಜಿಎಂ. ನಾನಿದ್ದಿದ್ದು ಇವ್ರಿಗೆಲ್ಲ ಪಾರ್ಟ್ಸ್ ಸಪ್ಲೈ ಮಾಡೋ ಒಂದು ಕಂಪನಿಯ ಐಟಿಲಿ, ಅಲ್ಲಿ ವಾರಕ್ಕೆ 4 ದಿನ ಕೆಲಸ, 4 ದಿನದ್ದೇ ಸಂಬಳ. ಶುಕ್ರವಾರ ಬಲವಂತದ ರಜೆ. ಎಚ್-1ಬಿ ವೀಸಾ, ಈಗಿನ ಹಾಗೆ ಬೇರೆ ಕೆಲಸ ಹುಡ್ಕೊಳ್ಳೋಕೆ 60 ದಿನದ ಗಡುವು ಆಗ ರೂಲಲ್ಲೇ ಇರ್ಲಿಲ್ಲ, ಕೆಲಸ ಹೋದ್ರೆ ಲೆಕ್ಕಕ್ಕೆ ಮಾರನೇ ದಿನಾನೇ ಪೆಟ್ಟಿಗೆ ಕಟ್ಟಬೇಕು. ಇಂಥ ಟೈಮಲ್ಲಿ ಯಾವನಾದ್ರೂ ಸ್ಪೋರ್ಟ್ಸ್ ಕಾರ್ ನೋಡ್ತಾನಾ? ನಾನು ನೋಡ್ದೆ. ಶುಕ್ರವಾರ ಮನೇಲಿ ಕೂತು ನ್ಯೂಸ್ ನೋಡಿ ನೋಡಿ ತಲೆ ಕೆಡಿಸ್ಕೊಳ್ಳೋದಕ್ಕಿಂತ ಶೋರೂಂ ಸುತ್ತೋದು ವಾಸಿ ಅನ್ನಿಸ್ತು, ಪೆಟ್ರೋಲ್ ಬೇರೆ ಹಿಂದಿನ ಬೇಸಿಗೆಲಿ ಗ್ಯಾಲನ್‌ಗೆ 4 ಡಾಲರ್ ದಾಟಿದ್ದು ಇಳಿದಿತ್ತು.

ಮೂರನ್ನೂ ಒಂದೇ ರೋಡಲ್ಲಿ ಓಡಿಸ್ಬೇಕು ಅಂತ ಹಟ. ಆನ್ ಆರ್ಬರ್‌ನಿಂದ ಡೆಕ್ಸ್‌ಟರ್ ಕಡೆ ನದಿ ಪಕ್ಕದಲ್ಲೇ ಹೋಗೋ ಹ್ಯೂರಾನ್ ರಿವರ್ ಡ್ರೈವ್ ಅಂತ ಇದೆ. ಮಿಷಿಗನ್‌ನ ಆ ಭಾಗದಲ್ಲಿ ರೋಡೆಲ್ಲ ಸ್ಕೇಲ್ ಇಟ್ಟು ಗೆರೆ ಎಳೆದಂಗೆ ಇರುತ್ತೆ, ತಿರುವು ಅಂತ ಇರೋದೇ ಇಂಥ ಒಂದೋ ಎರಡೋ ಕಡೆ. ಸಕಲೇಶಪುರದೋನು ನಾನು, ಶಿರಾಡಿಲಿ ಮಾರುತಿ 800 ಇಳಿಸ್ಕೊಂಡು ಗೇರ್ ಹಾಕೋದು ಕಲ್ತೋನು, ನನಗೆ ಅದು ತಿರುವು ಅಂತ ಅನ್ನಿಸೋಕೇ ಸ್ವಲ್ಪ ಟೈಮ್ ಹಿಡೀತು. ಸೈಕಲ್‌ನೋರು ಬೇರೆ ಜಾಸ್ತಿ ಅಲ್ಲಿ, ಹುಷಾರಾಗಿ ಹೋಗ್ಬೇಕು.

ಮೊದಲು ಎಸ್2000. ನನ್ನ ಫ್ರೆಂಡ್ ಒಬ್ಬ, ಬಸವನಗುಡಿಯವನು, 2006ರ ಮಾಡೆಲ್ ಇಟ್ಕೊಂಡಿದ್ದ. ಕೀ ಕೊಡುವಾಗ "ಲೋ, 6000ದ ಕೆಳಗೆ ಓಡ್ಸಿ ನನ್ ಮರ್ಯಾದೆ ತೆಗೀಬೇಡ" ಅಂದ, 6000 ಅಂದ್ರೆ ಇಂಜಿನ್ ನಿಮಿಷಕ್ಕೆ ತಿರುಗೋ ಸುತ್ತು, ಆರ್‌ಪಿಎಂ. ಕೀ ತಿರುಗಿಸಿ ಆಮೇಲೆ ಕೆಂಪು ಬಟನ್ ಒತ್ಬೇಕು. ಮೀಟರ್ ಎಲ್ಲ ಡಿಜಿಟಲ್, ಆರ್‌ಪಿಎಂ ಗೆರೆ ಕಮಾನಿನ ಥರ ಹತ್ತುತ್ತೆ. ಸ್ಟೀರಿಂಗ್ ಮೇಲೆ ಕೆಳಗೆ ಅಡ್ಜಸ್ಟ್ ಆಗಲ್ಲ, ಇದ್ದಲ್ಲೇ ಇರುತ್ತೆ, ನೀವೇ ಅಡ್ಜಸ್ಟ್ ಆಗ್ಬೇಕು. ಸಿಟಿ ಒಳಗೆ ಓಡಿಸುವಾಗ ನಿಜವಾಗ್ಲೂ ಬೇಜಾರಾಯ್ತು, ಇದಕ್ಕಾ ಇಷ್ಟೆಲ್ಲ ಹೊಗಳೋದು, ಸಿವಿಕ್ ಥರಾನೇ ಇದೆಯಲ್ಲ ಅಂತ. 2.2 ಲೀಟರ್ ಇಂಜಿನ್, 237 ಹಾರ್ಸ್‌ಪವರ್, ಆದ್ರೆ ಆ ಪವರೆಲ್ಲ ಮೇಲ್ಗಡೆ ಅಟ್ಟದ ಮೇಲೆ ಇಟ್ಟಿದಾರೆ, 162 ಪೌಂಡ್-ಫೂಟ್ ಟಾರ್ಕ್, ಅಂದ್ರೆ ಎಳೆಯೋ ಬಲ, ಸಿಗೋದೇ 6800 ಆರ್‌ಪಿಎಂಗೆ. ಆಮೇಲೆ ನದಿ ದಂಡೆಗೆ ಬಂದು ಸೆಕೆಂಡ್ ಗೇರಲ್ಲಿ 6000 ದಾಟಿಸ್ದೆ ನೋಡಿ, ವಿಟೆಕ್ ಅಂತಾರಲ್ಲ, ಸುತ್ತು ಏರಿದಾಗ ವಾಲ್ವ್‌ಗಳನ್ನ ಇನ್ನೂ ಜಾಸ್ತಿ ತೆಗೆಯೋ ಹೋಂಡಾ ವ್ಯವಸ್ಥೆ, ಇಂಜಿನ್ನು ಸ್ವರ ಬದಲಾಯಿಸ್ಬಿಡ್ತು, ಅಲ್ಲೀವರೆಗೂ ಗೊಣಗ್ತಿದ್ದಿದ್ದು ಇದ್ದಕ್ಕಿದ್ದಂಗೆ ಎದ್ದು ಕಿರುಚಿದಂಗೆ. 8000ಕ್ಕೆ ರೆಡ್‌ಲೈನ್, ಅದರಾಚೆ ಏರಿಸ್ಬಾರ್ದು. ಅಷ್ಟರಲ್ಲಿ ಸ್ಪೀಡ್ 60 ಮೈಲಿ ಆಸುಪಾಸು ಬಂದಿರುತ್ತೆ, ಅಂದ್ರೆ ಆ ರೋಡಲ್ಲಿ ಆಗ್ಲೇ ಪೊಲೀಸ್ ಫೈನ್ ಗ್ಯಾರಂಟಿ. ಇದೇ ಈ ಗಾಡಿಯ ಸಮಸ್ಯೆ, ಕಾನೂನು ಪಾಲಿಸೋನಿಗೆ ದಿನಕ್ಕೆ ಎರಡು ಸೆಕೆಂಡ್ ಖುಷಿ ಸಿಗುತ್ತೆ ಅಷ್ಟೆ.

ಆದ್ರೆ ಗೇರು! ಆ ಗೇರ್ ಲಿವರ್ ಇದೆಯಲ್ಲ, ಮಣಿಕಟ್ಟು ಮಾತ್ರ ಅಲ್ಲಾಡಿಸಿದ್ರೆ ಸಾಕು, ಕ್ಲಿಕ್ ಅಂತ ಕೂರುತ್ತೆ. ಅಂಥ ಗೇರ್‌ಬಾಕ್ಸ್ ಆಮೇಲೆ ನನ್ ಕೈಗೆ ಸಿಕ್ಕಿಲ್ಲ. ಸ್ಟೀರಿಂಗ್ ಚುರುಕು ಹೌದು, ಆದ್ರೆ ರೋಡು ಹೆಂಗಿದೆ ಅಂತ ಕೈಗೆ ಸುದ್ದಿ ಮುಟ್ಟಿಸಲ್ಲ. ಹೋಂಡಾ ಇದನ್ನ ತನ್ನ 50ನೇ ವರ್ಷದ ನೆನಪಿಗೆ 1999ರಲ್ಲಿ ತಂದಿದ್ದು, 10 ವರ್ಷಕ್ಕೆ ಮುಗಿಸ್ತು, 2009ರ ಆಗಸ್ಟ್‌ಗೆ ಕೊನೇದು ತಯಾರಾಯ್ತು. 2008ರ ಡಿಸೆಂಬರ್ ಒಂದೇ ತಿಂಗಳಲ್ಲಿ ಅವ್ರು ಎಫ್1 ರೇಸ್ ಬಿಟ್ರು, ಎನ್‌ಎಸ್‌ಎಕ್ಸ್ ಅನ್ನೋ ತಮ್ಮ ದೊಡ್ಡ ಸ್ಪೋರ್ಟ್ಸ್ ಕಾರ್ ಜಾಗಕ್ಕೆ ಮಾಡ್ತಿದ್ದ 10 ಸಿಲಿಂಡರ್ ಗಾಡೀನೂ ಕೈಬಿಟ್ರು. ಅಂದ್ರೆ ದುಡ್ಡಿಲ್ಲ ಅಂತಲ್ಲ, ದುಡ್ಡು ಇರೋವಾಗ್ಲೇ ಬಾಗಿಲು ಹಾಕೋ ಜಾಣ್ತನ. ಹೊಸದು 35 ಸಾವಿರ ಡಾಲರ್ ಆಸುಪಾಸು. ನನ್ನ ಸಂಬಳ ಅಂತೂ ವಾರಕ್ಕೆ 4 ದಿನದ್ದು.

ಸಾಲ್‌ಸ್ಟಿಸ್ ವಿಷ್ಯಕ್ಕೆ ಬಂದ್ರೆ, ಮೂರರಲ್ಲಿ ನೋಡೋಕೆ ಚೆನ್ನಾಗಿರೋದು ಇದೇ, ಇದರಲ್ಲಿ ವಾದಾನೇ ಇಲ್ಲ. ಆಫೀಸಿನ ಒಬ್ಬ ಹಿರಿಯರದ್ದು, ಅಲ್ಲೇ ಹುಟ್ಟಿ ಬೆಳೆದೋರು, ಮನೆತನವೆಲ್ಲ ಜಿಎಂ ಗಾಡಿಯಲ್ಲೇ ಓಡಾಡ್ದೋರು. ಜಿಎಕ್ಸ್‌ಪಿ ಅಂತ ಟರ್ಬೊ ಮಾಡೆಲ್, 2 ಲೀಟರ್‌ಗೆ 260 ಹಾರ್ಸ್‌ಪವರ್. ಎಸ್2000 ಓಡಿಸಿದ ಮಾರನೇ ವಾರ ಇದನ್ನ ಓಡಿಸ್ದೆ, ಪೂರ್ತಿ ಉಲ್ಟಾ. ಇಲ್ಲಿ 260 ಪೌಂಡ್-ಫೂಟ್ ಟಾರ್ಕು 2500ಕ್ಕೇ ಬಂದ್ಬಿಡುತ್ತೆ, ಥರ್ಡ್ ಗೇರಲ್ಲಿ ಸೋಮಾರಿ ಥರ ಕೂತಿದ್ರೂ ಕಾಲು ಇಟ್ಟ ಕೂಡ್ಲೇ ಬೆನ್ನಿಗೆ ಒದ್ದಂಗೆ ಎಳೆಯುತ್ತೆ. ನೇರ ರೋಡಲ್ಲಿ ಇದೇ ಮಜಾ. ತಿರುವಲ್ಲಿ ಮಾತ್ರ ತೂಕ ಗೊತ್ತಾಗುತ್ತೆ, ಸುಮಾರು 1350 ಕೆಜಿ, ಮಿಯಾಟಾಕ್ಕಿಂತ 200 ಕೆಜಿ ಮೇಲೆ. ಗೇರು 5, ಪಿಕಪ್ ಟ್ರಕ್‌ಗೆ ಹಾಕೋ ಬಾಕ್ಸ್‌ನ ಕುಟುಂಬದ್ದೇ, ಲಿವರ್ ಹಿಡಿದ ತಕ್ಷಣ ಅದು ಗೊತ್ತಾಗುತ್ತೆ. ಅದು ತಪ್ಪು ಅಂತ ನಾನು ಹೇಳಲ್ಲ, ಖರ್ಚು ಉಳಿಸೋಕೆ ಬೇರೆ ಬೇರೆ ಗಾಡಿಯ ಸಾಮಾನು ಸೇರಿಸಿ ಕಟ್ಟಿದ ಕಾರು ಅದು, ಅಷ್ಟರಲ್ಲೇ ಇಷ್ಟು ಚೆಂದ ಮಾಡಿದ್ರಲ್ಲ ಅನ್ನೋದೇ ದೊಡ್ಡದು. 2002ರ ಡೆಟ್ರಾಯ್ಟ್ ಷೋದಲ್ಲಿ ಜಿಎಂ ಉಪಾಧ್ಯಕ್ಷ ಬಾಬ್ ಲುಟ್ಜ್ ಇದರ ಕಾನ್ಸೆಪ್ಟ್, ಅಂದ್ರೆ ಮಾದರಿ ಗಾಡಿ, ತೋರಿಸ್ದಾಗ ಜಿಎಂ ಇಂಥದ್ದೂ ಮಾಡುತ್ತಾ ಅಂತ ಜನ ಬಾಯಿ ಬಿಟ್ಟಿದ್ರಂತೆ. 2005ರಲ್ಲಿ ಬುಕಿಂಗ್ ಓಪನ್ ಮಾಡಿದಾಗ ಮೊದಲ 1000 ಗಾಡಿ 41 ನಿಮಿಷಕ್ಕೆ ಖಾಲಿ.

ಆದ್ರೆ ಟಾಪು. ಅಯ್ಯೋ ಆ ಟಾಪು. ಗಾಡಿ ನಿಲ್ಸಿ, ಇಳಿದು, ಹಿಂದಿನ ಎರಡೂ ಮೂಲೆ ಬಿಚ್ಚಿ, ಡಿಕ್ಕಿ ಮುಚ್ಚಳಾನ ಉಲ್ಟಾ ಕಡೆಯಿಂದ ಎತ್ತಿ, ಬಟ್ಟೆ ಮಡಚಿ ಒಳಗೆ ತುರುಕಿ, ಮತ್ತೆ ಮುಚ್ಬೇಕು. ಮಳೆ ಬಂದ್ರೆ ಅಷ್ಟರಲ್ಲಿ ಸ್ನಾನ ಆಗಿರುತ್ತೆ. ಪೆಟ್ರೋಲ್ ಟ್ಯಾಂಕ್ ಡಿಕ್ಕಿ ನಡುವೆ ದಿಬ್ಬದ ಥರ ಎದ್ದಿರೋದ್ರಿಂದ ಟಾಪ್ ಮಡಚಿದ್ರೆ ಅಲ್ಲಿ ಒಂದು ಜಮಖಾನನೂ ಹಿಡಿಸಲ್ಲ.

ಇಲ್ಲಿ ನಮ್ಮನೇಲಿ ಮಾಡಿದ ಟೆಸ್ಟ್ ಹೇಳ್ಬೇಕು. ನನ್ನ ಹೆಂಡ್ತಿ ಆಗಿನ್ನೂ ಹೊಸದಾಗಿ ಬಂದಿದ್ಲು, ಅವಳಿಗೆ ಹಾರ್ಸ್‌ಪವರ್ ಕಥೆ ಬೇಡ. "ರೀ, ಟಾಪ್ ತೆಗ್ದಾಗ ಸೋನಾ ಮಸೂರಿ ಚೀಲ ಹಿಡಿಯುತ್ತಾ ನೋಡಿ" ಅಂದ್ಲು. ಇಂಡಿಯನ್ ಸ್ಟೋರಲ್ಲಿ ಸಿಗೋ 20 ಪೌಂಡ್ ಚೀಲ. ಯಾವ ಮ್ಯಾಗಜೀನ್‌ನೋರೂ ಮಾಡದ ಈ ಟೆಸ್ಟ್ ನಾವು ಮಾಡಿದ್ವಿ, ಮೂರಕ್ಕೂ ಒಂದೇ ಚೀಲ. ಎಸ್2000 ಡಿಕ್ಕಿ ಆಳ ಇದೆ, ಚೀಲ ಒಳಗೆ ಹೋಗಿ ಮಲಗ್ತು, ತೆಂಗಿನಕಾಯಿಗೂ ಜಾಗ ಇತ್ತು. ಸಾಲ್‌ಸ್ಟಿಸ್‌ನಲ್ಲಿ ಚೀಲ ನನ್ನ ಹೆಂಡ್ತಿ ತೊಡೆ ಮೇಲೆ ಬಂತು. ಮಿಯಾಟಾದಲ್ಲಿ ಟಾಪು ಡಿಕ್ಕಿಗೆ ಹೋಗೋದೇ ಇಲ್ಲ, ಸೀಟಿನ ಹಿಂದೆ ಮಡಚಿಕೊಳ್ಳುತ್ತೆ, ಅದಕ್ಕೇ ಡಿಕ್ಕಿ ಅಷ್ಟೂ ನಮ್ದೇ, ಅಕ್ಕಿ, ಬೇಳೆ, ಒಂದು ಡಬ್ಬ ಎಣ್ಣೆ.

ಮಿಯಾಟಾ ಓಡಿಸಿದ್ದು ಶೋರೂಂದು. ಶುಕ್ರವಾರ ಮಧ್ಯಾಹ್ನ ಹೋದೆ, ನಾನೊಬ್ನೇ ಗಿರಾಕಿ. ಸೇಲ್ಸ್‌ನೋರು ಟೆಸ್ಟ್ ಡ್ರೈವ್‌ಗೆ ಜೊತೇಲೂ ಬರ್ಲಿಲ್ಲ, ಲೈಸೆನ್ಸ್ ಕಾಪಿ ತಗೊಂಡು ಕೀ ಕೊಟ್ಟು "ಸಾಯಂಕಾಲ ಮುಚ್ಚೋದ್ರೊಳಗೆ ತನ್ನಿ" ಅಂದ್ರು. ಹಿಂದಿನ ವರ್ಷ ಆಗಿದ್ರೆ ಹತ್ತು ನಿಮಿಷ ಕೊಡ್ತಿದ್ರೋ ಇಲ್ವೋ. 2009ರ ಮಾಡೆಲ್, 2 ಲೀಟರ್, 167 ಹಾರ್ಸ್‌ಪವರ್, 6 ಗೇರು. ಕಾಗದದ ಮೇಲೆ ಮೂರರಲ್ಲಿ ಇದೇ ಬಡವ. ಟಾಪು ಸಿಗ್ನಲ್‌ನಲ್ಲಿ ನಿಂತಾಗ ಕೂತಲ್ಲೇ ಒಂದು ಲಾಕ್ ಬಿಚ್ಚಿ ಒಂದೇ ಕೈಲಿ ಹಿಂದಕ್ಕೆ ಎಸೆದ್ರೆ ಮುಗೀತು. ಮೊದಲ ತಿರುವಿಗೆ ಹೋದಾಗ ಗಾಡಿ ವಾಲ್ತು, ಸ್ವಲ್ಪ ಜಾಸ್ತಿನೇ ವಾಲ್ತು, ಅಯ್ಯೋ ಅಂದ್ಕೊಂಡೆ. ಎರಡನೇ ತಿರುವಿಗೆ ಅರ್ಥ ಆಯ್ತು, ಎಷ್ಟು ಹಿಡಿತ ಉಳಿದಿದೆ ಅಂತ ಅದು ಆ ವಾಲೋದ್ರಲ್ಲೇ ಹೇಳ್ತಿರುತ್ತೆ. 40 ಮೈಲಿಲೇ ಎಲ್ಲ ಮಜಾನೂ ಕೊಟ್ಬಿಡುತ್ತೆ, ಎಸ್2000 ಅದಕ್ಕೆ 60 ಕೇಳುತ್ತೆ. ಮಿಷಿಗನ್ ರೋಡಲ್ಲಿ ಚಳಿಗಾಲ ಮುಗಿದ ಮೇಲೆ ಗುಂಡಿ ಹೆಂಗಿರುತ್ತೆ ಅಂತ ಅಲ್ಲಿದ್ದೋರಿಗೇ ಗೊತ್ತು, ಎಸ್2000ದಲ್ಲಿ ಪ್ರತಿ ಗುಂಡಿಗೂ ಸೊಂಟ ಲೆಕ್ಕ ಬರೆದುಕೊಳ್ತಿತ್ತು, ಇದರಲ್ಲಿ ಹಾಗಿಲ್ಲ. ಇಂಜಿನ್ ಮಾತ್ರ ಸಪ್ಪೆ. ಉಪ್ಪು ಹಾಕದ ಗಂಜಿ.

ಸಾಯಂಕಾಲ ಕೀ ವಾಪಸ್ ಕೊಡುವಾಗ "ಈ ಗಾಡಿ ಮುಂದೂ ಬರುತ್ತಾ?" ಅಂತ ಕೇಳ್ದೆ. ಅವ್ರು ನಕ್ಕು "ನಾನು ಮುಂದೂ ಇರ್ತೀನಾ ಅಂತ ಮೊದ್ಲು ನೋಡ್ಬೇಕು" ಅಂದ್ರು.

ಆಗ ವಿಚಿತ್ರ ಏನಂದ್ರೆ, ದುಡ್ಡಿನ ಲೆಕ್ಕದಲ್ಲಿ ನನ್ನನ್ನ ಎಳೀತಾ ಇದ್ದಿದ್ದು ಸಾಲ್‌ಸ್ಟಿಸ್. ಪಾಂಟಿಯಾಕ್ ಶೋರೂಂಗಳಲ್ಲಿ ಉಳಿದ ಸ್ಟಾಕ್‌ಗೆ ಸಾವಿರಾರು ಡಾಲರ್ ಡಿಸ್ಕೌಂಟು. ವಾರಂಟಿ ಬಗ್ಗೆ ಭಯ ಬೇಡ, ಅದಕ್ಕೆ ಸರ್ಕಾರ ನಿಲ್ಲುತ್ತೆ ಅಂತ ಮಾರ್ಚ್ 30ಕ್ಕೆ ಒಬಾಮಾನೇ ಹೇಳಿದ್ರು, ಅಧ್ಯಕ್ಷರೇ ಕಾರ್ ವಾರಂಟಿ ಮಾತಾಡೋ ಕಾಲ ಅದು. ಅತ್ಲಾಗಿ ಹ್ಯುಂಡೈನೋರು ಕೆಲಸ ಹೋದ್ರೆ ಕಾರ್ ವಾಪಸ್ ಕೊಡಿ ಅಂತ ಸ್ಕೀಮ್ ತಂದಿದ್ರು, ನನ್ನಂಥೋರಿಗೆ ಅಂತಾನೇ ಮಾಡಿದಂಗೆ, ಆದ್ರೆ ನನಗೆ ಬೇಕಾದ ಥರದ ಎರಡು ಸೀಟಿನ ಗಾಡಿ ಅವ್ರ ಹತ್ರ ಇರ್ಲಿಲ್ಲ. ಎರಡು ರಾತ್ರಿ ಸಾಲ್‌ಸ್ಟಿಸ್ ಲೆಕ್ಕ ಹಾಕ್ದೆ. ಊರಿಗೆ ಫೋನ್ ಮಾಡಿದಾಗ ಅಪ್ಪ "ಎರಡೇ ಸೀಟಾ? ನಾವು ಬಂದ್ರೆ ಒಬ್ರು ಬಸ್ಸಲ್ಲಿ ಬರ್ಬೇಕೇನೋ?" ಅಂದ್ರು. ಹೆಂಡ್ತಿ ಮಾತ್ರ ಸರಿಯಾದ ಪ್ರಶ್ನೆ ಕೇಳಿದ್ಲು: ಮುಂದಿನ ಹೆಡ್‌ಲೈಟ್ ಒಡೆದ್ರೆ ಹತ್ತು ವರ್ಷ ಆದ್ಮೇಲೆ ಯಾರನ್ನ ಕೇಳ್ತೀರಾ? ಇಂಜಿನ್ ಸಾಮಾನು ಬೇರೆ ಗಾಡಿದೂ ಆಗುತ್ತೆ, ಆ ಚೆಂದದ ಮೈ ಇದೆಯಲ್ಲ, ಅದು ಬೇರೆ ಯಾವುದಕ್ಕೂ ಇಲ್ಲ. ಅದೇ ಆಯ್ತು ನೋಡಿ, ಈಗ ಅದರ ಓನರ್‌ಗಳು ಹುಡುಕೋದು ಇಂಜಿನ್ ಸಾಮಾನಿಗಿಂತ ಹೆಚ್ಚಾಗಿ ಆ ಮೈಯ ಭಾಗಗಳನ್ನೇ.

ಮಿಯಾಟಾ ತಗೊಂಡೆ. ಜೂನ್‌ನಲ್ಲಲ್ಲ, ವಾರಕ್ಕೆ 5 ದಿನ ಕೆಲಸ ವಾಪಸ್ ಬಂದ್ಮೇಲೆ ಅಕ್ಟೋಬರ್‌ನಲ್ಲಿ, ಉಳಿದಿದ್ದ 2009ರ ಸ್ಟಾಕು. ಮನಸ್ಸು ಎಸ್2000 ಕೇಳ್ತಿತ್ತು, ಕಣ್ಣು ಸಾಲ್‌ಸ್ಟಿಸ್ ಕೇಳ್ತಿತ್ತು, ತಗೊಂಡಿದ್ದು ಮೂರನೇದು, ಮದುವೆ ಮನೇಲಿ ಆಗೋ ಥರ. ಮೊದಲ ಒಂದು ವರ್ಷ ಪಶ್ಚಾತ್ತಾಪ ಇತ್ತು, ಸುಳ್ಳು ಹೇಳಲ್ಲ, ಹೆದ್ದಾರಿಲಿ ಎಸ್2000 ಪಕ್ಕದಲ್ಲಿ ಹೋದ್ರೆ ತಲೆ ಆ ಕಡೆ ತಿರುಗಿಸ್ತಿರ್ಲಿಲ್ಲ. ಆಮೇಲೆ ಗಂಜಿಯ ರುಚಿ ಹತ್ತಿತು. 2011ರಲ್ಲಿ ಅಪ್ಪ ಅಮ್ಮ ಬಂದಾಗ ಅಪ್ಪನ್ನ ಅದೇ ನದಿ ರೋಡಿಗೆ ಕರ್ಕೊಂಡು ಹೋದೆ, ಟಾಪ್ ತೆಗ್ದು, ಮಂಕಿ ಕ್ಯಾಪ್ ಹಾಕ್ಕೊಂಡು ಕೂತಿದ್ರು, ಜುಲೈ ತಿಂಗಳಲ್ಲಿ. ಏನೂ ಮಾತಾಡ್ಲಿಲ್ಲ, ವಾಪಸ್ ಬಂದ್ಮೇಲೆ "ನಾಳೆ ಎಷ್ಟೊತ್ತಿಗೆ?" ಅಂದ್ರು.

ಗಾಡಿ ಉಳಿಯುತ್ತೋ ಇಲ್ವೋ ಅನ್ನೋ ಲೆಕ್ಕ ಒಂದೇ ನಾನು ಸರಿ ಹಾಕಿದ್ದು. 2014ರಲ್ಲಿ ಮುಂದಿನ ಮಿಯಾಟಾ ತೋರಿಸಿದ್ರು, ಇನ್ನೂ ಹಗುರ, 2016ಕ್ಕೆ ಹಿರೋಶಿಮಾದಲ್ಲಿ 10 ಲಕ್ಷದ ಗಾಡಿ ಹೊರಗೆ ಬಂತು. ಸಾಲ್‌ಸ್ಟಿಸ್ ಕಟ್ತಿದ್ದ ಡೆಲವೇರ್‌ನ ವಿಲ್ಮಿಂಗ್ಟನ್ ಫ್ಯಾಕ್ಟರಿ 2009ರ ಜುಲೈಗೆ ಮುಚ್ತು, ಫಿಸ್ಕರ್ ಅಂತ ಕಂಪನಿ ತಗೊಂಡು ಒಂದು ಕಾರೂ ಕಟ್ಟಲಿಲ್ಲ, ಕೊನೆಗೆ ಕೆಡವಿ ಹಾಕಿದ್ರು, ಈಗ ಅಲ್ಲಿರೋದು ಅಮೆಜಾನ್ ಗೋದಾಮು. ಆಫೀಸಿನ ಹಿರಿಯರು ರಿಟೈರ್ ಆದ್ರು, ಅವ್ರ ಸಾಲ್‌ಸ್ಟಿಸ್ ಇನ್ನೂ ಇದೆ, ಬೇಸಿಗೆಲಿ ಮಾತ್ರ ಹೊರಗೆ ತೆಗೀತಾರೆ.

ದುಡ್ಡಿನ ಲೆಕ್ಕದಲ್ಲಿ ಮಾತ್ರ ನಾನು ಪೂರ್ತಿ ತಪ್ಪು. ಸತ್ತೋಗುತ್ತೆ ಅಂತ ನಾನು ಬಿಟ್ಟ ಎಸ್2000, ಸತ್ತಿದ್ದಕ್ಕೇ ಬೆಲೆ ಏರ್ಕೊಂಡು ಕೂತಿದೆ, ಕಡಿಮೆ ಓಡಿದ್ದು ಈಗ ಹೊಸದಿದ್ದಾಗಿನ ಬೆಲೆಗಿಂತ ಜಾಸ್ತಿಗೆ ಹೋಗ್ತಿದೆ. ಬಸವನಗುಡಿ ಫ್ರೆಂಡ್‌ಗೆ 2010ರಲ್ಲಿ ಕೆಲಸ ಹೋಗಿ ಊರಿಗೆ ವಾಪಸ್ ಹೋದ, ಹೋಗೋ ವಾರ ಸಿಕ್ಕಿದ ರೇಟಿಗೆ ಗಾಡಿ ಮಾರ್ದ. ಮೊದ್ಲು ನನ್ನನ್ನೇ ಕೇಳಿದ್ದ, "ಮಗಾ, ನೀನೇ ಇಟ್ಕೊ" ಅಂತ, ನಾನು ಆಗಷ್ಟೇ ಮಿಯಾಟಾ ಇಎಂಐ ಕಟ್ತಿದ್ದೆ, ಆಗಲ್ಲ ಅಂದೆ. ಹೋದ ಸಲ ಬೆಂಗಳೂರಿಗೆ ಹೋದಾಗ ಗಾಂಧಿಬಜಾರಲ್ಲಿ ಸಿಕ್ಕಿದ್ದ, ದೋಸೆ ತಿನ್ನುವಾಗ ಇವತ್ತಿನ ರೇಟ್ ಗೊತ್ತೇನೋ ಅಂತ ಫೋನ್ ತೆಗೆದೆ. ಫೋನ್ ಕಿತ್ಕೊಂಡು ಟೇಬಲ್ ಮೇಲೆ ಬೋರಲು ಹಾಕಿ, ಇನ್ನೊಂದು ಕಾಫಿ ಹೇಳ್ದ.