ಕುರ್ಚಿಯಿಂದ ಎದ್ದರೆ ಕಪ್ಪಾಗುತ್ತಿದ್ದ ಪರದೆ: ನಾನು ಹಾಕಿ ನೋಡಿದ ಮೂರು ಜೋಡಣೆಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕಂಪ್ಯೂಟರನ್ನು ಮಾನಿಟರಿಗೆ ಜೋಡಿಸುವ ಒಂದೂವರೆ ಮೀಟರಿನ ಡಿಸ್‌ಪ್ಲೇಪೋರ್ಟ್ ಕೇಬಲ್‌ಗೆ. ಅದಕ್ಕೆ ಕೊಟ್ಟದ್ದು 700 ರೂಪಾಯಿ. ನಮ್ಮ ಬಡಾವಣೆಯ ರಿಪೇರಿ ಅಂಗಡಿಯವರು ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹಾಳಾಗಿದೆ ಎಂದು 14,000 ರೂಪಾಯಿಯ ಅಂದಾಜು ಬರೆದುಕೊಟ್ಟಿದ್ದರು.

27 ಇಂಚಿನ 4ಕೆ ಮಾನಿಟರಿಗೆ ಮೊದಲು ಹಾಕಿದ್ದು ಐದು ಮೀಟರಿನ ಅಗ್ಗದ ಎಚ್‌ಡಿಎಂಐ ಕೇಬಲ್, ಟಿವಿಗಳಿಗೂ ಹಾಕುವ ಇನ್ನೊಂದು ಬಗೆಯದು. ಸಿಪಿಯು ಒಂದು ಮೂಲೆಯಲ್ಲಿ, ಮೇಜು ಕಿಟಕಿಯ ಬಳಿ. ಅಷ್ಟು ಉದ್ದ ಬೇಕಿತ್ತು. ಫೆಬ್ರುವರಿ ಬಂದಂತೆ ಪರದೆ ಆಗಾಗ ಎರಡು ಕ್ಷಣ ಕಪ್ಪಾಗತೊಡಗಿತು. ಡ್ರೈವರ್ ತೆಗೆದು ಮತ್ತೆ ಹಾಕಿದೆ, ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ, ಹರ್ಟ್ಜ್‌ನಲ್ಲಿ) ಬದಲಿಸಿದೆ, ಪ್ಲಗ್ ಬೇರೆ ಕಡೆ ಚುಚ್ಚಿದೆ. ಒಂದೂ ಫಲಿಸಲಿಲ್ಲ. ಕೊನೆಗೆ ಗುಟ್ಟು ಹಿಡಿದವಳು ಮಗಳು: "ಅಮ್ಮಾ, ನೀನು ಕುರ್ಚಿಯಿಂದ ಎದ್ದಾಗ ಮಾತ್ರ ಹೋಗುತ್ತದೆ, ನೋಡು."

ಹತ್ತು ಸಲ ಎದ್ದು ಕುಳಿತೆ. ಏಳು ಸಲ ಕಪ್ಪಾಯಿತು. ಊಟದ ಮೇಜಿನ ಮರದ ಕುರ್ಚಿ ತಂದು ಕುಳಿತೆ, ಒಮ್ಮೆಯೂ ಇಲ್ಲ. ಎತ್ತರ ಹೊಂದಿಸಲು ಗ್ಯಾಸ್ ಕೊಳವೆಯಿರುವ ಕುರ್ಚಿಯಿಂದ ಎದ್ದಾಗ ಸ್ಥಾಯೀ ವಿದ್ಯುತ್ತಿನ ಸಣ್ಣ ಕಿಡಿ ಹಾರುವುದುಂಟು. ಒಣ ಹವೆಯಲ್ಲಿ ಅದು ಹೆಚ್ಚು. ಆ ಕಿಡಿಯಿಂದ ಹೊರಡುವ ರೇಡಿಯೊ ತರಂಗವನ್ನು ಸರಿಯಾದ ಲೋಹದ ಹೊದಿಕೆಯಿಲ್ಲದ ಕೇಬಲ್ ಆಂಟೆನಾದಂತೆ ಹೀರುತ್ತದೆ. ಸಂಕೇತ ಕಡಿದು ಮಾನಿಟರ್ ಮತ್ತೆ ಸಂಪರ್ಕ ಹುಡುಕುವ ಆ ಎರಡು ಕ್ಷಣವೇ ಕತ್ತಲೆ. ಕಾರ್ಡಿನ ತಪ್ಪು ಎಳ್ಳಷ್ಟೂ ಇರಲಿಲ್ಲ.

ಎರಡನೆಯದು, ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಬದಲಿಸುವ 400 ರೂಪಾಯಿಯ ಕನ್ವರ್ಟರ್. ಹಳೆಯ ಕೇಬಲನ್ನೇ ಅದಕ್ಕೆ ಸಿಕ್ಕಿಸಿದೆ. ಕಪ್ಪಾಗುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಅದು ಎಚ್‌ಡಿಎಂಐ 1.4ರ ಮಟ್ಟದ್ದು, 4ಕೆಯಲ್ಲಿ 30 ಹರ್ಟ್ಜ್ ದಾಟದು. ಕರಡು ತಿದ್ದುವುದು ನನ್ನ ಕೆಲಸ. ಪುಟ ಸರಿಸುವಾಗ ಒತ್ತಕ್ಷರಗಳು ತೇಲಾಡಿ ಕಣ್ಣು ನೋಯುತ್ತಿತ್ತು. ಒಂದೇ ದಿನಕ್ಕೆ ತೆಗೆದಿಟ್ಟೆ.

ಮೂರನೆಯದಾದ ಡಿಸ್‌ಪ್ಲೇಪೋರ್ಟ್ ಕೇಬಲ್‌ಗೆ ಮೆಟ್ರೊದಲ್ಲಿ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ನಡೆದೆ. "ಉದ್ದ ಕಡಿಮೆ ಮಾಡಿಕೊಳ್ಳಿ ಮೇಡಂ, ಸಿಪಿಯುವನ್ನೇ ಹತ್ತಿರ ತನ್ನಿ" ಎಂದರು ಅಂಗಡಿಯವರು. ಹಾಗೆಯೇ ಹತ್ತಿರ ತಂದಿಟ್ಟೆ. 60 ಹರ್ಟ್ಜ್, ಅದೇ ಕುರ್ಚಿ, ಮೂರು ತಿಂಗಳಿನಿಂದ ಒಮ್ಮೆಯೂ ಕತ್ತಲೆಯಿಲ್ಲ. ಕೇಬಲ್ ಕೀಳುವಾಗ ಅದರ ತುದಿಯ ಕೊಂಡಿ ಒತ್ತುವುದನ್ನು ಮರೆಯಬಾರದು, ಅಷ್ಟೇ. ತೀರ ಅಗ್ಗದ್ದನ್ನು ಮಾತ್ರ ಕೊಳ್ಳಬೇಡಿ: ಕೆಲವದರಲ್ಲಿ ವಿದ್ಯುತ್ತಿಗಾಗಿ ಇರುವ 20ನೇ ಪಿನ್ನನ್ನೂ ಎರಡೂ ತುದಿಗೆ ಜೋಡಿಸಿರುತ್ತಾರೆ. ಮಾನಿಟರಿನ ವಿದ್ಯುತ್ ಅದರ ಮೂಲಕ ಹಿಂದಕ್ಕೆ ಹರಿದು ಕಂಪ್ಯೂಟರ್ ಆನ್ ಆಗಲು ತಕರಾರು ಮಾಡಬಹುದು.

ನಿಮ್ಮ ಕಂಪ್ಯೂಟರಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಎರಡು ಮೀಟರಿನೊಳಗಿನ, 'ಪ್ರೀಮಿಯಂ ಹೈ ಸ್ಪೀಡ್' ಚೀಟಿ ಅಂಟಿಸಿದ ಕೇಬಲ್ ಸಾಕು. ಕಾರ್ಡ್ ಬದಲಿಸುವ ಮುನ್ನ ಅದನ್ನೊಮ್ಮೆ ಹಾಕಿ ನೋಡಿ. ನನ್ನ ಹಳೆಯ ಐದು ಮೀಟರಿನ ಕೇಬಲ್ ಈಗ ನಡುಮನೆಯ ಟಿವಿಗೆ ಹೋಗಿದೆ. ಅಲ್ಲಿರುವುದು ಬೆತ್ತದ ಕುರ್ಚಿಗಳು.