ಕಾರವಾರದಲ್ಲಿ ಹಳೇ ಫ್ಲಾಶ್ ಕೊಳ್ಳುವವರೇ, ಮೊದಲು ಅದರ ಕಾಲಡಿ ನೋಡಿ

ಕಾರವಾರದಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಫ್ಲಾಶ್ ತಗೊಳ್ಳೋಕೆ ಹೊರಟವರು ದಯವಿಟ್ಟು ಇದನ್ನು ಓದಿ, ಆಮೇಲೆ ದುಡ್ಡು ಬಿಚ್ಚಿ. ಅಲ್ಲಿನ ಒಂದು ಅಂಗಡಿಯಲ್ಲಿ ನಾನು ಕೊಂಡದ್ದರ ಡಬ್ಬಿ ಮೇಲೆ ಯೊಂಗ್‌ನುವೊ 568, ಕ್ಯಾನನ್ ಟಿಟಿಎಲ್ ಅಂತ ಇತ್ತು, ಅಂದರೆ ಕ್ಯಾನನ್ ಕ್ಯಾಮೆರಾದ ಜೊತೆ ಬೆಳಕನ್ನು ತಾನೇ ಹೊಂದಿಸುವಂಥದ್ದು. ಒಳಗಿದ್ದದ್ದು 560. ಮೈಮೇಲಿನ ಹೆಸರು ಉಜ್ಜಿ ತೆಗೆದಿದ್ದಾರೆ! ಎರಡರ ಗೈಡ್ ನಂಬರೂ (ಬೆಳಕಿನ ಬಲದ ಅಳತೆ) 58, ಅದೂ 105 ಎಂಎಂ ಜೂಮಿನಲ್ಲಿ. ಆದರೆ 560 ಶುದ್ಧ ಮ್ಯಾನ್ಯುಯಲ್, ಪವರ್ ನಾವೇ ಇಡಬೇಕು. ಅದರ ಕಾಲಡಿ, ಅಂದರೆ ಕ್ಯಾಮೆರಾ ಮೇಲೆ ಕೂರುವ ಬುಡದಲ್ಲಿ, ನಡುವೆ ಒಂದೇ ಪಿನ್. 568ರಂಥ ಕ್ಯಾನನ್ ಟಿಟಿಎಲ್ ಫ್ಲಾಶಿಗೆ ನಡುವಿನದ್ದೂ ಸೇರಿ ಐದು. ಆ ಪಿನ್ ಕಾಣಬಾರದು ಅಂತಲೇ ಪ್ಲಾಸ್ಟಿಕ್ ಸ್ಟ್ಯಾಂಡಿಗೆ ಬಿಗಿದು ಕೌಂಟರ್ ಮೇಲೆ ನಿಲ್ಲಿಸಿದ್ದರು. ಟೆಸ್ಟ್ ಬಟನ್ ಒತ್ತಿದರು, ಫಳ್ ಅಂತು. "ನೋಡಿ ಸರ್, ಪಕ್ಕಾ ಕಂಡೀಷನ್." ಟೆಸ್ಟ್ ಬಟನ್ನಿನಿಂದ ಟ್ಯೂಬ್ ಸತ್ತಿಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ.

ಬಣ್ಣ ಬಯಲಾದದ್ದು ಶಿರಸಿ ಕಡೆಯ ಹಂಚಿನ ಮನೆಯ ಉಪನಯನದಲ್ಲಿ, ಅಷ್ಟೂ ಜನರೆದುರು. ಕ್ಯಾಮೆರಾ ಮೆನು ತೆರೆದರೆ ಈ ಫ್ಲಾಶ್ ಹೊಂದುವುದಿಲ್ಲ ಅನ್ನುವ ಸಂದೇಶ. ಭಟ್ಟರು ಎರಡು ಮೀಟರ್ ದೂರದಲ್ಲಿ, ಅಜ್ಜಿ ನಾಲ್ಕು ಮೀಟರ್. ದೂರ ಇಮ್ಮಡಿಯಾದರೆ ನೇರ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಟಿಟಿಎಲ್ ಆದರೆ ಮುಂಚೆ ಒಂದು ಸಣ್ಣ ಮಿಂಚು ಬಿಟ್ಟು ಅಳೆದು ತಾನೇ ಸರಿಮಾಡುತ್ತದೆ. ಮ್ಯಾನ್ಯುಯಲ್‌ನಲ್ಲಿ ಪ್ರತಿ ಸಲ ಪವರ್ ತಿರುಗಿಸಬೇಕು, ಅಷ್ಟರಲ್ಲಿ ಭಿಕ್ಷೆ ಮುಗಿದಿರುತ್ತದೆ. ಮೇಲೆ ಮಸಿ ಹಿಡಿದ ಹಂಚು, ಅಲ್ಲಿಗೆ ಬೌನ್ಸ್ ಮಾಡಿದರೆ, ಅಂದರೆ ಬೆಳಕು ಹೊಡೆದು ವಾಪಸ್ ಚಿಮ್ಮಿಸಲು ನೋಡಿದರೆ, ಬೆಳಕು ನುಂಗಿಹೋಗುತ್ತದೆ. ಹಿಂದಿನ ಬಿಳಿ ಗೋಡೆಗೋ ಕಟ್ಟಿದ ಬಿಳಿ ಪಂಚೆಗೋ ತಿರುಗಿಸಿ, ಕ್ಯಾಮೆರಾದಲ್ಲಿ 1/125, ಎಫ್4, ಐಎಸ್ಒ 800 ಇಟ್ಟರೂ ಕೆಲವೊಮ್ಮೆ ಫುಲ್ ಪವರ್ ತನಕ ಬೇಕಾಗಬಹುದು. ಫುಲ್ ಪವರ್ ಹೊಡೆದ ಮೇಲೆ ಒಳ್ಳೆಯ ಸೆಲ್ ಇದ್ದರೆ ಮೂರು ಸೆಕೆಂಡಿನ ಆಸುಪಾಸಿನಲ್ಲಿ ರೆಡಿ ದೀಪ ಹತ್ತಬೇಕು. ಇದು ಬೇಗ ಹತ್ತಲೇ ಇಲ್ಲ, ಕಾಯಿಸಿ ಕಾಯಿಸಿ ಹತ್ತಿತು. ನಡುವೆ ಹೊಡೆದ ಫ್ರೇಮೆಲ್ಲ ಕಪ್ಪು.

ಸೆಲ್ ಮನೆ ಬಿಚ್ಚಿ ನೋಡಿದರೆ ಅಲ್ಲಿತ್ತು ಅಸಲು ಕತೆ. ಮುಚ್ಚಳದ ತಗಡಿಗೆ ಸ್ಯಾಂಡ್ ಪೇಪರ್ ಹಾಕಿ ಹೊಳೆಯಿಸಿದ್ದಾರೆ, ಒಳಗಿನ ಸ್ಪ್ರಿಂಗ್ ಬುಡದಲ್ಲಿ ಹಸಿರು ಕಿಲುಬು ಹಾಗೇ ಇದೆ. ಯಾವಾಗಲೋ ಸೆಲ್ ಸೋರಿದೆ, ಮೇಲಿಂದ ನಮ್ಮ ಕಡಲ ಗಾಳಿ, ಮಳೆಗಾಲ. ಚಾರ್ಜ್ ಆಗುವಾಗ ಫ್ಲಾಶ್ ಸೆಲ್ಲಿನಿಂದ ಭಾರೀ ಕರೆಂಟ್ ಎಳೆಯುತ್ತದೆ. ಕಿಲುಬು ಅದನ್ನೇ ತಡೆಯುತ್ತದೆ. ಹೊಸ ಸೆಲ್ ಹಾಕಿದರೂ ಅಷ್ಟೇ.

ಅಂಗಡಿಗೆ ಫೋನ್ ಮಾಡಿದರೆ ಬಂದ ಉತ್ತರ: "ಎಂತ ಸರ್, ಫ್ಲಾಶ್ ಹೊಡೀತದಲ್ಲ, ಮತ್ತೆಂತ ಬೇಕು?" ಟಿಟಿಎಲ್ ಎಲ್ಲಿ ಅಂದರೆ, "ನಿಮ್ಮ ಕ್ಯಾಮೆರಾ ಹಳೇದು, ಅದಕ್ಕೆ ತಗೊಳ್ತಿಲ್ಲ." ಒಂದೇ ಪಿನ್ ಇರುವ ಫ್ಲಾಶಿನಲ್ಲಿ ಯಾವ ಹೊಸ ಕ್ಯಾಮೆರಾ ಟಿಟಿಎಲ್ ತಗೊಳ್ಳುತ್ತದೆ ಹೇಳಿ! ಕಿಲುಬಿನ ಫೋಟೋ ಕಳಿಸಿದ್ದಕ್ಕೆ, "ನಿಮ್ಮನೇಲೇ ಆಗಿದ್ದು ಅದು." ವಾರದೊಳಗೆ ಅಷ್ಟು ಕಿಲುಬು? ಆಮೇಲೆ ಫೋನ್ ಎತ್ತುವುದೇ ಇಲ್ಲ.

ಸ್ಟ್ಯಾಂಡ್ ಬಿಚ್ಚಿಸಿ ಪಿನ್ ಎಣಿಸಿ. ನಿಮ್ಮದೇ ಕ್ಯಾಮೆರಾ, ಚಾರ್ಜ್ ಮಾಡಿದ ನಾಲ್ಕು ಎನ್ಐಎಂಎಚ್ ಸೆಲ್ ಒಯ್ದು ಅಲ್ಲೇ ಫುಲ್ ಪವರಿನಲ್ಲಿ ಮೇಲಿಂದ ಮೇಲೆ ಹೊಡೆಯಿರಿ. ಟಾರ್ಚ್ ಬಿಟ್ಟು ಸ್ಪ್ರಿಂಗ್ ಬುಡ ನೋಡಿ. ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬರೆಯದಿದ್ದರೆ ಎದ್ದು ಬನ್ನಿ. ನನಗೆ ಕೊಟ್ಟ ಬಿಲ್ಲಿನಲ್ಲಿ "ಫ್ಲಾಶ್ ಲೈಟ್ 1" ಅಂತಷ್ಟೇ ಇದೆ, ಈಗ ಅದನ್ನೇ ಹಿಡಿದುಕೊಂಡು ದುಡ್ಡು ವಾಪಸ್ ಇಲ್ಲ ಅನ್ನುತ್ತಿದ್ದಾರೆ.